ಆಲ್ದೂರಿಗೆ 20 ನಿಮಿಷ

ಮಾರ್ಚ್ ತಿಂಗಳಲ್ಲಿ ಆಲ್ದೂರಿನ ಸುತ್ತಮುತ್ತ ಎರಡು ವಾಸನೆಗಳು ಬೆರೆತಿರುತ್ತವೆ. ಒಂದು ಕಾಫಿ ಹೂವಿನ ಘಮ. ಹೂಮಳೆ ಬಿದ್ದು ಅಥವಾ ತುಂತುರು ನೀರು ಹಾಯಿಸಿ ಎಂಟು ಹತ್ತು ದಿನ ಕಳೆದರೆ ಸಾಕು, ಗಿಡದ ರೆಕ್ಕೆರೆಕ್ಕೆಗಳೆಲ್ಲ ಬೆಳ್ಳಗಾಗುತ್ತವೆ. ಇನ್ನೊಂದು ಸಿಲ್ವರ್ ಓಕ್ ಮರಗಳ ಕೆಳಗೆ ಬಿಸಿಲಿಗೆ ಗರಿಗರಿಯಾಗಿ ಬಿದ್ದಿರುವ ತರಗೆಲೆಯ ವಾಸನೆ. ಚಿಕ್ಕಮಗಳೂರಿನಿಂದ ಸುಮಾರು 20 ಕಿ.ಮೀ. ದೂರದ ಈ ಊರಿಗೆ ಬರುವ ಪ್ರವಾಸಿಗ ಮೊದಲನೆಯದಕ್ಕೆ ಮಾರುಹೋಗುತ್ತಾನೆ. ಊರಿನವರ ಕಣ್ಣು ಮಾತ್ರ ಗುಡ್ಡದ ನೆತ್ತಿಯ ಮೇಲಿರುತ್ತದೆ. ಎಲ್ಲಾದರೂ ಹೊಗೆ ಏಳುತ್ತಿದೆಯೇ?

ಇಂಥ ಊರಿಗೂ ಯುದ್ಧಕ್ಕೂ ಎಲ್ಲಿಯ ನಂಟು ಎಂದು ಯಾರಾದರೂ ಕೇಳಿಯಾರು. 2025ರ ಮೇ 7ರಂದು ದೇಶದ 244 ನಾಗರಿಕ ರಕ್ಷಣಾ ಜಿಲ್ಲೆಗಳಲ್ಲಿ ಅಣಕು ಕಾರ್ಯಾಚರಣೆ ನಡೆಸಬೇಕೆಂದು ಕೇಂದ್ರ ಗೃಹ ಸಚಿವಾಲಯ ಸೂಚಿಸಿದಾಗ ಕರ್ನಾಟಕದಿಂದ ಆ ಪಟ್ಟಿಯಲ್ಲಿ ಇದ್ದದ್ದು ಬೆಂಗಳೂರು, ಕಾರವಾರ ಮತ್ತು ರಾಯಚೂರು. ಕಾರಣ ಊಹಿಸುವುದು ಕಷ್ಟವಲ್ಲ. ಒಂದು ಕಡೆ ರಾಜಧಾನಿ, ಇನ್ನೊಂದು ಕಡೆ ನೌಕಾನೆಲೆ ಹಾಗೂ ಕೈಗಾ ಅಣುಸ್ಥಾವರ, ಮತ್ತೊಂದು ಕಡೆ ಶಕ್ತಿನಗರದ ವಿದ್ಯುತ್ ಕೇಂದ್ರ. ಸೈರನ್ ಕೂಗಿದಾಗ ಏನು ಮಾಡಬೇಕು, ದೀಪ ಆರಿಸುವುದು ಹೇಗೆ, ಕಟ್ಟಡ ತೆರವು ಮಾಡುವುದು ಹೇಗೆ ಎಂಬುದನ್ನು ವಿದ್ಯಾರ್ಥಿಗಳಿಗೂ ಕಲಿಸಬೇಕೆಂದು ಆ ಸೂಚನೆಯಲ್ಲಿತ್ತು. ಚಿಕ್ಕಮಗಳೂರು ಜಿಲ್ಲೆಯ ಹೆಸರು ಅದರಲ್ಲಿರಲಿಲ್ಲ. ಕಾಫಿ ಗಿಡದ ಮೇಲೆ ಬಾಂಬು ಹಾಕಲು ಯಾರೂ ಇಷ್ಟು ದೂರ ಬರಲಾರರು ಎಂಬುದೂ ನಿಜವೇ.

ಆದರೆ ಯುದ್ಧಕಾಲದ ಬೆಂಕಿಗೆ ಇನ್ನೊಂದು ಮುಖವಿದೆ. ದೊಡ್ಡ ನಗರಕ್ಕೆ ಪೆಟ್ಟು ಬಿದ್ದಾಗ ಸುತ್ತಲಿನ ಸಣ್ಣ ಊರುಗಳ ಪಂಪು, ಲಾರಿ, ಜನ ಎಲ್ಲವನ್ನೂ ಅತ್ತ ಕರೆಸಿಕೊಳ್ಳಬೇಕಾಗುತ್ತದೆ. ಆಗ ಸಣ್ಣ ಊರಿನ ಪಾಲಿಗೆ ಉಳಿಯುವುದೇನು? ಸನ್ನದ್ಧತೆಯ ಪರಿಶೀಲನೆ ಎಂದರೆ ಮುಖ್ಯವಾಗಿ ಈ ಪ್ರಶ್ನೆಗೆ ಉತ್ತರ ಹುಡುಕುವುದು.

ಈ ಪಾಠವನ್ನು ಬ್ರಿಟನ್ ದುಬಾರಿ ಬೆಲೆ ತೆತ್ತು ಕಲಿತಿತು. ಎರಡನೆಯ ಮಹಾಯುದ್ಧ ಶುರುವಾದಾಗ ಅಲ್ಲಿ 1,600ಕ್ಕೂ ಹೆಚ್ಚು ಅಗ್ನಿಶಾಮಕ ದಳಗಳಿದ್ದವು. ಊರಿಗೊಂದು ದಳ, ದಳಕ್ಕೊಂದು ಪದ್ಧತಿ. 1940ರ ನವೆಂಬರ್ 14ರ ರಾತ್ರಿ ಕವೆಂಟ್ರಿ ನಗರ ಹೊತ್ತಿ ಉರಿದಾಗ ನೆರೆಯೂರುಗಳ ದಳಗಳು ಓಡಿ ಬಂದವು. ಬಂದವರಲ್ಲಿ ಕೆಲವರ ಪೈಪಿನ ತುದಿಗಳು ಆ ಊರಿನ ನಲ್ಲಿಗಳಿಗೆ ಕೂರಲೇ ಇಲ್ಲ. ಅಳತೆ ಬೇರೆ, ಜೋಡಣೆ ಬೇರೆ. ಸಾಲದ್ದಕ್ಕೆ ಬಾಂಬಿಗೆ ನೀರಿನ ಕೊಳವೆಗಳೂ ಒಡೆದಿದ್ದವು. 1941ರ ಆಗಸ್ಟಿನಲ್ಲಿ ಎಲ್ಲ ದಳಗಳನ್ನೂ ಒಂದೇ ರಾಷ್ಟ್ರೀಯ ದಳವಾಗಿಸಿ, ಒಂದೇ ಅಳತೆಯ ಸಾಮಾನು ಬಳಕೆಗೆ ತರಲಾಯಿತು. ಕೊಳವೆ ಒಡೆದರೂ ನೀರು ಸಿಗಲೆಂದು ಬೀದಿಬೀದಿಗಳಲ್ಲಿ ತೊಟ್ಟಿಗಳನ್ನು ಕಟ್ಟಿಸಿದರು.

ನಮ್ಮ ಕಡೆಗೆ ಆ ಯುದ್ಧದ ಬಿಸಿ ತಟ್ಟಿದ್ದು 1942ರಲ್ಲಿ. ಏಪ್ರಿಲ್ 6ರಂದು ಜಪಾನಿ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದವು. ಎರಡು ವರ್ಷದ ಬಳಿಕ, 1944ರ ಏಪ್ರಿಲ್ 14ರಂದು, ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ಸಿಡಿಯಿತು. ಶತ್ರುವಿನ ಕೈ ಅದರಲ್ಲಿರಲಿಲ್ಲ. ಹತ್ತಿಯ ಮೂಟೆಗಳನ್ನೂ ಮದ್ದುಗುಂಡನ್ನೂ ಒಂದೇ ಹಡಗಿನಲ್ಲಿ ತುಂಬಿದ್ದರು, ಅಷ್ಟೆ. ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಶಾಲೆಗಳಿಗೂ ಬಂದು ಹೋಗುವ ಅಗ್ನಿಶಾಮಕ ಸಪ್ತಾಹ ಅವರ ನೆನಪಿನದು. ಈ ರಾಜ್ಯದಲ್ಲಿ ಹೋಂ ಗಾರ್ಡ್ಸ್ ಕಾಯ್ದೆ ಬಂದದ್ದು ಚೀನಾ ಯುದ್ಧದ ವರ್ಷವಾದ 1962ರಲ್ಲಿ, ಅಗ್ನಿಶಾಮಕ ದಳದ ಕಾಯ್ದೆ 1964ರಲ್ಲಿ, ದೇಶಕ್ಕೆ ನಾಗರಿಕ ರಕ್ಷಣಾ ಕಾಯ್ದೆ 1968ರಲ್ಲಿ.

ಈಗ ಆಲ್ದೂರಿನ ಲೆಕ್ಕಕ್ಕೆ ಬರೋಣ. ಹಳ್ಳಿಗಾಡಿನಲ್ಲಿ ಕರೆ ಬಂದ 20 ನಿಮಿಷದೊಳಗೆ ಅಗ್ನಿಶಾಮಕ ವಾಹನ ತಲುಪಬೇಕೆಂಬುದು ದೇಶದಲ್ಲಿ ಒಪ್ಪಿತವಾದ ಅಳತೆಗೋಲು. ಇಲ್ಲಿಗೆ ವಾಹನ ಬರಬೇಕಾದ್ದು ಚಿಕ್ಕಮಗಳೂರಿನಿಂದ, ಇಲ್ಲವೇ ಮೂಡಿಗೆರೆಯಿಂದ. ನೀರು ತುಂಬಿದ ಲಾರಿ ಮಲೆನಾಡಿನ ತಿರುವುಗಳಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಬಂದರೂ 20 ಕಿ.ಮೀ.ಗೆ ಅರ್ಧ ಗಂಟೆ ಬೇಕು. ಅದು ಊರಿನ ಪೇಟೆಯವರೆಗಿನ ಮಾತು. ಅಲ್ಲಿಂದ ಮಣ್ಣು ರಸ್ತೆ ಹಿಡಿದು ಎಸ್ಟೇಟಿನ ಗೇಟು ದಾಟಿ ಲೈನ್ ಮನೆಗಳ ತನಕ ಹೋಗುವುದು ಬೇರೆಯೇ ಲೆಕ್ಕ. ಬಂದ ಮೇಲೂ ಸಮಸ್ಯೆ ಮುಗಿಯಲಿಲ್ಲ. ಸಾಮಾನ್ಯ ವಾಹನದ ಟ್ಯಾಂಕು ಹಿಡಿಯುವುದು 4,500 ಲೀಟರ್ ನೀರು. ನಿಮಿಷಕ್ಕೆ 450 ಲೀಟರಿನಂತೆ ಹಾರಿಸಿದರೆ ಹತ್ತೇ ನಿಮಿಷಕ್ಕೆ ಖಾಲಿ. ಮತ್ತೆ ತುಂಬಿಸಿಕೊಳ್ಳುವುದೆಲ್ಲಿ? ಇದರಲ್ಲಿ ಸಿಬ್ಬಂದಿಯ ತಪ್ಪೇನೂ ಇಲ್ಲ. ದೂರ ಮತ್ತು ಗುಡ್ಡ ಯಾರ ಮಾತನ್ನೂ ಕೇಳುವುದಿಲ್ಲ.

ಹಾಗಾದರೆ ಈ ಸೀಮೆ ಬರಿಗೈಯಲ್ಲಿದೆಯೇ? ಇಲ್ಲ, ಮತ್ತು ಕಾಫಿ ನಾಡಿನ ಸ್ವಾರಸ್ಯ ಇರುವುದೇ ಇಲ್ಲಿ. ಬೆಂಕಿಯ ಕಾಲವಾದ ಫೆಬ್ರವರಿ, ಮಾರ್ಚ್‌ಗಳೇ ರೊಬಸ್ಟಾ ತೋಟಗಳಿಗೆ ತುಂತುರು ನೀರು ಹಾಯಿಸುವ ಕಾಲ. ಆಗ ಕೆರೆ, ಹಳ್ಳಗಳ ದಡದಲ್ಲಿ ಡೀಸೆಲ್ ಪಂಪುಗಳು ಕೂತಿರುತ್ತವೆ. ಉದ್ದುದ್ದ ಪೈಪುಗಳನ್ನು ಆಳುಗಳು ಹೆಗಲ ಮೇಲೆ ಹೊತ್ತು ಒಂದು ಪಟ್ಟೆಯಿಂದ ಇನ್ನೊಂದು ಪಟ್ಟೆಗೆ ಸಾಗಿಸಿ ನಿಮಿಷಗಳಲ್ಲಿ ಜೋಡಿಸುತ್ತಾರೆ. ಬೋರ್ಡೋ ದ್ರಾವಣ ಹೊಡೆಯುವ ಕೈಪಂಪುಗಳೂ ಇವೆ. ಯುದ್ಧಕಾಲದಲ್ಲಿ ಮನೆಮನೆಯ ಬೆಂಕಿ ಆರಿಸಲು ಕೊಡುತ್ತಿದ್ದ ಸ್ಟಿರಪ್ ಪಂಪಿಗೂ ಇವಕ್ಕೂ ದೂರದ ದಾಯಾದಿ ಸಂಬಂಧ. ಅದರಲ್ಲೂ ಒಬ್ಬ ಒತ್ತಬೇಕು, ಒಬ್ಬ ಗುರಿ ಹಿಡಿಯಬೇಕು, ಮತ್ತೊಬ್ಬ ಬಕೆಟ್ಟಿಗೆ ನೀರು ತರಬೇಕು. ಈ ಮೂರು ಕೆಲಸವೂ ತೋಟದ ಜನರಿಗೆ ಹೊಸದಲ್ಲ.

ಕೊರತೆ ಇರುವುದು ಜೋಡಣೆಯಲ್ಲಿ. ಅಗ್ನಿಶಾಮಕ ದಳದ ಪೈಪಿಗೆ 63 ಮಿ.ಮೀ.ನ, ಒತ್ತಿದರೆ ಕೂರುವ ಜೋಡಣೆ. ತೋಟದ ಪೈಪಿನ ಕೊಂಡಿ, ಅಳತೆಗಳೇ ಬೇರೆ. ಕೆರೆದಡದಲ್ಲಿ ಪಂಪು ಓಡುತ್ತಿದ್ದರೂ ಅದರ ನೀರನ್ನು ನೇರವಾಗಿ ದಳದ ಪೈಪಿಗೆ ಹಾಯಿಸಲಾಗದು. ಕವೆಂಟ್ರಿಯ ಕಷ್ಟ ಇಲ್ಲಿ ಚಿಕ್ಕದಾಗಿ ಮರುಕಳಿಸುತ್ತದೆ. ಎರಡನ್ನೂ ಕೂಡಿಸುವ ತುಂಡೊಂದನ್ನು ಲೇತಿನ ಅಂಗಡಿಯಲ್ಲಿ ಮಾಡಿಸಬಹುದು. ಅಂಥ ಹತ್ತು ತುಂಡುಗಳು ಹೊಸ ಲಾರಿಗಿಂತ ಎಷ್ಟೋ ಅಗ್ಗ, ಆದರೆ ಉದ್ಘಾಟನೆಗೆ ಅಷ್ಟು ಒದಗಿ ಬರುವುದಿಲ್ಲ.

ಹೀಗಾಗಿ ಈ ಸೀಮೆಗೆ ಪರಿಶೀಲನೆಗೆ ಬರುವ ಅಧಿಕಾರಿ ಠಾಣೆಯಲ್ಲಿ ಸೈರನ್, ಪೈಪು, ಹಾಜರಿ ಪುಸ್ತಕ ನೋಡಿದರೆ ಅರ್ಧ ಕೆಲಸವಷ್ಟೇ ಆಯಿತು. ಲಾರಿ ಹೋಗುವಷ್ಟು ಗಟ್ಟಿಯಾದ ಕೆರೆದಡ ಯಾವುದು, ಭಾರ ತಡೆಯದ ಮೋರಿ ಎಲ್ಲಿದೆ, ರಾತ್ರಿ ಎಸ್ಟೇಟ್ ಗೇಟಿನ ಬೀಗದ ಕೈ ರೈಟರ ಬಳಿಯೋ ಕಾವಲುಗಾರನ ಬಳಿಯೋ, ಮೊಬೈಲ್ ಸಿಗ್ನಲ್ ಸಿಗದ ಕಣಿವೆಯಿಂದ 112ಕ್ಕೆ ಕರೆ ಮಾಡಲು ಯಾವ ದಿಬ್ಬ ಹತ್ತಬೇಕು, ತಂತಿಯ ವಿದ್ಯುತ್ ಕಡಿತಗೊಳಿಸಲು ಮೆಸ್ಕಾಂನವರಿಗೆ ತಿಳಿಸುವವರು ಯಾರು, ಇವೆಲ್ಲ ಆ ಪುಸ್ತಕದಲ್ಲಿ ಸಿಗುವ ಸಂಗತಿಗಳಲ್ಲ.

ಇವುಗಳಲ್ಲಿ ಹಲವನ್ನು ಶಾಲಾ ಮಕ್ಕಳೇ ಬರೆದುಕೊಡಬಲ್ಲರು. ದಿನವೂ ತೋಟದ ದಾರಿಯಲ್ಲಿ ನಡೆದು ಬರುವ ಹೈಸ್ಕೂಲು ಹುಡುಗಿಗೆ ಯಾವ ಹಳ್ಳ ಮಾರ್ಚಿನಲ್ಲೂ ಬತ್ತುವುದಿಲ್ಲ ಎಂಬುದು ಗೊತ್ತಿರುತ್ತದೆ. ಭೂಪಟ ಬಿಡಿಸುವ ಪಾಠದಲ್ಲಿ ಊರಿನ ನೀರಿನ ಜಾಗ, ಗೇಟು, ಮೋರಿಗಳನ್ನು ಗುರುತಿಸಿದರೆ ಅದರ ಒಂದು ಪ್ರತಿ ಠಾಣೆಗೂ ಉಪಯೋಗಕ್ಕೆ ಬಂದೀತು. ಬೆಂಕಿಯ ಬಳಿಗೆ ಮಕ್ಕಳನ್ನು ಬಿಡಬಾರದೆಂಬುದನ್ನು ಹೆತ್ತವರಿಗೆ ಹೇಳಿಕೊಡಬೇಕಾಗಿಲ್ಲ. ಕರೆ ಮಾಡುವಾಗ ಊರು, ಎಸ್ಟೇಟು, ಹತ್ತಿರದ ಬಸ್ ನಿಲ್ದಾಣ, ಉರಿಯುತ್ತಿರುವುದು ಕಾಡೋ ಮನೆಯೋ ಕಣದ ಗೋದಾಮೋ ಎಂಬುದನ್ನು ತೊದಲದೆ ಹೇಳುವುದನ್ನಾದರೂ ಮನೆಯಲ್ಲಿ ಕಲಿಸಬೇಕು. ಬೆಂಕಿ ಹೊಕ್ಕ ತೋಟದಲ್ಲಿ ಹೋಗುವುದು ಆ ವರ್ಷದ ಫಸಲೊಂದೇ ಅಲ್ಲ. ಮೆಣಸಿನ ಬಳ್ಳಿ ಮತ್ತೆ ಹಬ್ಬಲು ವರ್ಷಗಳು ಬೇಕು, ನೆರಳಿನ ಮರಕ್ಕೆ ಒಂದು ತಲೆಮಾರೇ ಬೇಕು.

ಪರಿಶೀಲನೆಯ ದಿನಾಂಕದ ಬಗ್ಗೆಯೂ ಒಂದು ಮಾತು. ಏಪ್ರಿಲ್ ನಡುವಿನ ಸಪ್ತಾಹದ ಹೊತ್ತಿಗೆ ಎಷ್ಟೋ ವರ್ಷ ಈ ಗುಡ್ಡಗಳಿಗೆ ಒಂದೆರಡು ಮಳೆ ಬಿದ್ದು ತರಗೆಲೆ ಒದ್ದೆಯಾಗಿರುತ್ತದೆ. ಆಲ್ದೂರನ್ನು ನೋಡಬೇಕಾದ್ದು ಫೆಬ್ರವರಿ ಕೊನೆಯ ವಾರ, ಮಧ್ಯಾಹ್ನ ಎರಡು ಗಂಟೆಗೆ, ಮುಂಚಿತವಾಗಿ ತಿಳಿಸದೆ.