ತಿದ್ದುವ ಕ್ರಮ

ಕನ್ನಡ ವಿಕಿಪೀಡಿಯವು 2003ರಿಂದ ಬಹುಜನರ ಕೈಯಿಂದ ಬೆಳೆಯುತ್ತಿರುವ ವಿಶ್ವಕೋಶ. ಒಬ್ಬರು ಬರೆದುದನ್ನು ಮತ್ತೊಬ್ಬರು ತಿದ್ದಲು ಅಲ್ಲಿ ಬಹುಮಟ್ಟಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಕಲಬುರಗಿ ನಗರದ ತರುಣನೊಬ್ಬನು ಕೆಂಪು ಬಾಳೆಗೆ ಹೆಸರಾದ ತನ್ನ ಜಿಲ್ಲೆಯ ಕಮಲಾಪುರವನ್ನು ಕುರಿತು ಬರೆಯುತ್ತ, ಹಂಪೆಯ ಬಳಿಯ ಕಮಲಾಪುರದ ಸಂಗತಿಯನ್ನೂ ಸೇರಿಸಿಬಿಟ್ಟನೆನ್ನೋಣ. ಪ್ರಮಾದವು ಪ್ರಮಾದವೇ, ತಿದ್ದಲೇಬೇಕು. ಆದರೆ ಕಾರಣವನ್ನು ಹೇಳದೆ ಬರಹವನ್ನೆಲ್ಲ ಅಳಿಸುವುದೂ, ಅವನ ಸೀಮೆಯ ನುಡಿಯನ್ನು ಹಿಡಿದು ನಗುವುದೂ ತಿದ್ದುವಿಕೆ ಎನಿಸದು. (ಉರ್ದು ಬೆರೆತ ಆ ನುಡಿಗೆ ಇಂಥ ನಗೆ ಹೊಸದೇನೂ ಅಲ್ಲ.) ಬರೆದವರ ಸದುದ್ದೇಶವನ್ನು ಮೊದಲು ನಂಬತಕ್ಕದ್ದೆಂಬುದು ಆ ಕೋಶದ ಹಳೆಯ ನಿಯಮ, ವಿಕಿಮೀಡಿಯ ಪ್ರತಿಷ್ಠಾನವು 2021ರಲ್ಲಿ ಸಾರಿದ ನೀತಿಸಂಹಿತೆಯು ಅವಮಾನದ ಮಾತನ್ನು ಕಿರುಕುಳದಲ್ಲಿಯೇ ಎಣಿಸಿದೆ. ಲೇಖನಕ್ಕೊಂದು ಚರ್ಚಾಪುಟವೂ ಉಂಟು. "ಈ ಹೆಸರಿನ ಊರುಗಳು ಎರಡಿವೆಯಲ್ಲವೇ?" ಎಂದು ಅಲ್ಲಿ ಕೇಳಿದರೆ ಅವನೇ ತಿದ್ದಿಯಾನು, ಮುಂದಣ ತಿಂಗಳು ಬಾಳೆಯ ತೋಟಗಳನ್ನು ಕುರಿತೂ ಬರೆದಾನು.