ಜಲನೀಲಿ

ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ವಾರಿವರ್ಗದಲ್ಲಿ ಬರುವ ಜಲನೀಲೀ, ಶೈವಾಲ, ಶೈವಲ ಎಂಬ ಹೆಸರುಗಳು ನೆನಪಿರಬಹುದು. ಮೂರಕ್ಕೂ ಅರ್ಥ ಪಾಚಿಯೆಂದೇ. ಪಾಠಶಾಲೆಯಲ್ಲಿ ನಮ್ಮ ಗುರುಗಳು ಇದಕ್ಕಿಂತ ಹೆಚ್ಚಿಗೆ ಹೇಳಲಿಲ್ಲ; ಮುಂದೆ ಉಪಾಧ್ಯಾಯನಾಗಿ ಮೂವತ್ತು ವರ್ಷಕ್ಕೂ ಮಿಗಿಲಾಗಿ ಕಾಲ ಕಳೆದ ನಾನೂ ಹುಡುಗರಿಗೆ ಹೆಚ್ಚಿಗೆ ತಿಳಿಸಲಿಲ್ಲ. ತಿಳಿಸಬಂದ ಒಬ್ಬ ಹುಡುಗನ ಬಾಯಿ ಮುಚ್ಚಿಸಿದೆನೆಂಬುದನ್ನು ಈಗ ಒಪ್ಪಿಕೊಳ್ಳಬೇಕಾಗಿದೆ.

ಕಳೆದ ಮಾಘಮಾಸದಲ್ಲಿ ತೊಂಡೇಬಾವಿಯಲ್ಲಿ ರೈಲು ಹತ್ತಿ ಯಲಹಂಕದ ಮಗನ ಮನೆಗೆ ಹೋಗಿದ್ದೆನು. ಅವನ ನಡುಮನೆಯಲ್ಲಿ ಆಳುದ್ದದ ಗಾಜಿನ ತೊಟ್ಟಿ. ಅದರೊಳಗೆ ಉಪ್ಪು ಬೆರೆಸಿ ಮಾಡಿದ ಸಮುದ್ರದ ನೀರು, ಬಂಡೆಗಳು, ಜೀವಂತ ಹವಳ, ನಾಲ್ಕಾರು ಮೀನು. ಸಮುದ್ರವನ್ನು ಕಾಣದ ಊರಿನಲ್ಲಿ ಸಮುದ್ರವನ್ನು ಸಾಕುವ ಈ ಹವ್ಯಾಸಕ್ಕೆ ಎಷ್ಟು ಹಣ ವೆಚ್ಚವಾಯಿತೆಂದು ನಾನು ಕೇಳಲಿಲ್ಲ; ಅವನೂ ಹೇಳಲಿಲ್ಲ.

ಹವಳವು ಬೆಳೆಯುವ ಕಡಲಿನ ನೀರು ಸಸ್ಯಪೋಷಕ ಲವಣಗಳಲ್ಲಿ ಬಹಳ ಬಡದು. ತೊಟ್ಟಿಯಲ್ಲಾದರೋ ಮೀನಿಗೆ ಹಾಕಿದ ಆಹಾರದಿಂದಲೂ ಅದರ ಮಲದಿಂದಲೂ ನೈಟ್ರೇಟು, ಫಾಸ್ಫೇಟುಗಳು ದಿನೇ ದಿನೇ ಕೂಡುತ್ತಾ ಬರುತ್ತವೆ. ಅವು ಮಿತಿಮೀರಿದರೆ ಕೂದಲಿನಂಥ ಪಾಚಿ ಬಂಡೆಯ ಮೇಲೆ ಹಬ್ಬಿ ಹವಳವನ್ನು ಮುಸುಕುತ್ತದೆ. ಇದಕ್ಕೆ ಮಗನು ಹಿಡಿದಿದ್ದ ಉಪಾಯ ವಿಚಿತ್ರವಾದುದು. ತಂಗಳುಪೆಟ್ಟಿಗೆಯಿಂದ ಒಂದು ಸೀಸೆಯನ್ನು ತೆಗೆದು ಕಡುಹಸಿರಾದ ದ್ರವವನ್ನು ಅಳತೆಯಿಂದ ನೀರಿಗೆ ಹೊಯ್ದನು. ಬಿಡಿಯಾಗಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ನೀರಿನಲ್ಲಿ ತೇಲಿಕೊಂಡು ಬಾಳುವ ಸಸ್ಯಗಳಂತೆ. ಫೈಟೋಪ್ಲಾಂಕ್ಟನ್ ಎಂದು ಹೆಸರು.

“ಪಾಚಿಯನ್ನು ಕಳೆಯಲು ಪಾಚಿಯನ್ನೇ ಹಾಕುವುದೇನಯ್ಯ?” ಎಂದೆನು.

“ಮುಳ್ಳನ್ನು ಮುಳ್ಳಿನಿಂದ ತೆಗೆದ ಹಾಗೆ, ಅಪ್ಪ” ಎಂದನು.

ಈ ಸಸ್ಯಗಳು ಬೆಳೆಯುವಾಗ ನೀರಿನಲ್ಲಿ ಕರಗಿದ ಸಾರಜನಕವನ್ನೂ ರಂಜಕವನ್ನೂ ಹೀರಿಕೊಳ್ಳುತ್ತವೆ. ಅಮೆರಿಕದ ರೆಡ್‌ಫೀಲ್ಡ್ ಎಂಬ ಪಂಡಿತನು 1934ರಲ್ಲಿ ಮೊದಲುಮಾಡಿದ ವಿಚಾರಣೆಯಿಂದ ಈ ಆಹಾರದ ಪ್ರಮಾಣವೂ ತಿಳಿದಿದೆ: ಪರಮಾಣುಗಳ ಲೆಕ್ಕದಲ್ಲಿ ಸುಮಾರಾಗಿ ಇಂಗಾಲ 106, ಸಾರಜನಕ 16, ರಂಜಕ 1. ರಂಜಕವು ತೀರಿಹೋದರೆ ಸಾರಜನಕವೆಷ್ಟಿದ್ದರೂ ಬೆಳೆ ಮುಂದುವರಿಯದು. ಕಬ್ಬಿಗರು ಕಾಣದ ಛಂದಸ್ಸು ಇದು ಎಂದು ನನಗೆ ಸಂತೋಷವಾಯಿತು.

ಆದರೆ ಶ್ಯಾನುಭೋಗರ ವಂಶದ ಬುದ್ಧಿ ಸುಮ್ಮನಿರಗೊಡಲಿಲ್ಲ. ಸಸ್ಯವು ಹೀರಿದ್ದು ಹೋಯಿತೆಲ್ಲಿಗೆ? ತೊಟ್ಟಿಯೊಳಗೇ ಇದೆಯಷ್ಟೆ. ಅದು ಸತ್ತು ಕೊಳೆತರೆ ಎಲ್ಲವೂ ನೀರಿಗೆ ಮರಳುತ್ತದೆ. ಸೂಕ್ಷ್ಮಪ್ರಾಣಿಗಳು ಅದನ್ನು ತಿಂದರೂ ಒಂದು ಪಾಲು ಮಲವಾಗಿ ಮರಳುತ್ತದೆ. ಖಾತೆ ಬದಲಾಯಿತೇ ಹೊರತು ಸಾಲ ತೀರಲಿಲ್ಲ. ಇದನ್ನು ಹೇಳಿದಾಗ ಮಗನು ನಕ್ಕು, ತೊಟ್ಟಿಯ ಕೆಳಗಿದ್ದ ಒಂದು ಯಂತ್ರವನ್ನು ತೋರಿಸಿದನು. ಗಾಳಿಯ ಗುಳ್ಳೆಗಳಿಂದ ನೊರೆಯೆಬ್ಬಿಸಿ, ಕೊಳೆಯನ್ನೂ ಪಾಚಿಯನ್ನೂ ಅದರೊಂದಿಗೆ ಮೇಲಿನ ಬಟ್ಟಲಿಗೆ ದಾಟಿಸುವ ಯಂತ್ರ. ಬಟ್ಟಲಿನಲ್ಲಿ ಕಷಾಯದಂತೆ ಕಪ್ಪಾದ, ದುರ್ಗಂಧದ ನೀರು. ಹೊರಕ್ಕೆ ಹೋಗುವುದೆಲ್ಲ ಈ ಬಟ್ಟಲಿನಿಂದಲೇ. ಹವಳಕ್ಕೂ ಬಂಡೆಯ ಹುಳುಗಳಿಗೂ ಹಸಿರು ಸಾಕಷ್ಟು ದಕ್ಕಲೆಂದು ಆ ಯಂತ್ರವನ್ನು ಎರಡು ದಿನದಿಂದ ನಿಲ್ಲಿಸಿದ್ದನು. ಸೀಸೆಯ ಅಳತೆಯನ್ನೂ ಹೆಚ್ಚಿಸಿದ್ದನು.

ಮೂರನೆಯ ದಿನ ಬೆಳಗಿನ ಜಾವ ಸ್ನಾನಕ್ಕೆದ್ದಾಗ ನೋಡುತ್ತೇನೆ, ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿವೆ. ಮಗನನ್ನು ಎಬ್ಬಿಸಿದೆನು. ಯಂತ್ರವನ್ನು ನಡೆಸಿದ ಅರ್ಧಗಂಟೆಗೆ ಅವು ಒಂದೊಂದಾಗಿ ಕೆಳಗಿಳಿದವು. ಕಿತ್ತಳೆಯ ಮೈಗೆ ಬಿಳಿಯ ಪಟ್ಟೆಯಿದ್ದ ಒಂದು ಮಾತ್ರ ಇಳಿಯಲಿಲ್ಲ. ಬೆಳಕಿನಲ್ಲಿ ಪ್ರಾಣವಾಯುವನ್ನು ಕೊಡುವ ಆ ಹಸಿರೇ ಕತ್ತಲೆಯಲ್ಲಿ ನಮ್ಮಂತೆ ಅದನ್ನು ಉಸಿರಾಡಿ ಮುಗಿಸುತ್ತದೆ. ನೀರಿಗೆ ಗಾಳಿ ಸೇರಿಸುತ್ತಿದ್ದ ಯಂತ್ರವೂ ನಿಂತಿತ್ತು.

ಆ ಸತ್ತ ಮೀನನ್ನು ಅಂಗೈಯಲ್ಲಿಟ್ಟುಕೊಂಡು ನಿಂತಾಗ ಏಳನೆಯ ತರಗತಿಯ ಆ ಹುಡುಗನು ನೆನಪಾದನು. ಮೂವತ್ತು ವರ್ಷಕ್ಕೂ ಹಿಂದಿನ ಮಾತು. ಹಸಿರು ಗಿಡಗಳು ಪ್ರಾಣವಾಯುವನ್ನು ಕೊಡುತ್ತವೆಂದು ಪಾಠ ಹೇಳುತ್ತಿದ್ದೆನು. ಮೀನು ಹಿಡಿಯುವವರ ಮನೆಯ ಹುಡುಗ ಎದ್ದು ನಿಂತು, “ಕೆರೆ ನೀರು ತುಂಬ ಹಸುರಾದ್ರೆ ಕೋಳಿ ಕೂಗೋ ಹೊತ್ಗೆ ಮೀನು ಸಾಯ್ತವೆ, ಮೇಷ್ಟ್ರೇ” ಎಂದನು. ಪುಸ್ತಕಕ್ಕೆ ಎದುರು ಮಾತೆಂದು ಗದರಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆನು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕಿದ್ದೆನು.

ಊರಿಗೆ ಮರಳಿದ ಮೇಲೆ ಅಶ್ವತ್ಥಕಟ್ಟೆಯಲ್ಲಿ ಇದೇ ವಿಷಯ ಬೇರೊಂದು ವೇಷದಲ್ಲಿ ಎದುರಾಯಿತು. ಬೆಂಗಳೂರಿನ ಕೊಳಚೆನೀರನ್ನು ಎರಡು ಹಂತ ಶುದ್ಧಿಮಾಡಿ, ಹೆಬ್ಬಾಳ–ನಾಗವಾರ ಕಣಿವೆಯಿಂದ ದಿನಕ್ಕೆ 21 ಕೋಟಿ ಲೀಟರಿನವರೆಗೆ ನಮ್ಮ ಕಡೆಯ ಕೆರೆಗಳಿಗೆ ಹರಿಸುವುದೆಂದು ಯೋಜನೆಯಾಗಿ, 2020ರಲ್ಲಿ ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ನೀರು ಬಂದುದನ್ನು ವಾಚಕರು ಬಲ್ಲರು. ಎರಡನೆಯ ಹಂತ ದಾಟಿದ ನೀರಿನಲ್ಲಿಯೂ ಸಾರಜನಕ, ರಂಜಕಗಳು ಉಳಿದಿರುತ್ತವೆ. ಮೂರನೆಯ ಹಂತವೂ ಬೇಕೆಂಬ ಬೇಡಿಕೆ ಸುಳ್ಳಲ್ಲ. ಕಟ್ಟೆಯ ಮೇಲೆ ಒಬ್ಬರು ಹಸಿರು ನೀರೆಂದರೆ ವಿಷವೆಂದರು. ಇನ್ನೊಬ್ಬರು ಪಾಚಿಯೇ ಎಲ್ಲವನ್ನೂ ಶುದ್ಧಿಮಾಡುತ್ತದೆಂದರು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧಿಮಾಡಿದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾಯ್ದು ಒಳಹೊಗುತ್ತದೆ. ಅಲ್ಲಿ ಜೊಂಡೂ ಪಾಚಿಯೂ ಈ ಲವಣಗಳನ್ನು ತಗ್ಗಿಸುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯವರು ಪರೀಕ್ಷಿಸಿ ಕಂಡಿದ್ದಾರೆ. ಆದರೆ ಜೊಂಡನ್ನು ಕೊಯ್ದು ಹೊರಹಾಕಬೇಕು, ಮೀನನ್ನು ಹಿಡಿಯಬೇಕು. ಹಿಂದೆ ಬೇಸಗೆಯಲ್ಲಿ ಗಾಡಿ ಕಟ್ಟಿ ಕೆರೆಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದ ನಮ್ಮ ಹಿರಿಯರು ಮಾಡಿದ್ದೂ ಮಗನ ಆ ನಾರುವ ಬಟ್ಟಲಿನ ಕೆಲಸವನ್ನೇ. ನಾನಿದನ್ನು ಹೇಳಿದೆನು, ಯಾರೂ ಒಪ್ಪಿದಂತೆ ತೋರಲಿಲ್ಲ.

ಆ ಹುಡುಗನು ಈಗ ಹತ್ತಿರದ ಕೆರೆಯೊಂದನ್ನು ಮೀನಿಗೆ ಗುತ್ತಿಗೆ ಹಿಡಿದಿದ್ದಾನೆಂದು ತಿಳಿದು, ಒಂದು ಮುಂಜಾನೆ ಏರಿಯ ಮೇಲೆ ಅವನನ್ನು ಕಂಡೆನು. ಅಂದು ತಪ್ಪಿದವನು ನಾನೆಂದು ಹೇಳಿದೆನು. ಅವನು ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಿದ್ದು, “ಬೆಂಚಿನ ಮೇಲೆ ನಿಂತ್ರೆ ಕಿಟಕೀಲಿ ಕೆರೆ ಕಾಣ್ತಿತ್ತು, ಮೇಷ್ಟ್ರೇ” ಎಂದನು. ಬಳಿಕ ತೋಳನ್ನು ಮೊಣಕೈವರೆಗೆ ನೀರಿನಲ್ಲಿ ಮುಳುಗಿಸಿ ನೋಡುವಂತೆ ನನಗೆ ಹೇಳಿದನು. ಮುಳುಗಿಸಿದೆನು. ಮೊಣಕೈ ಒದ್ದೆಯಾಗುವ ಮೊದಲೇ ಅಂಗೈ ಹಸಿರಿನಲ್ಲಿ ಮರೆಯಾಯಿತು.

“ಇವತ್ತು ಗೊಬ್ಬರ ಬೇಡ” ಎಂದು ಕೂಗಿ, ಏರಿಯ ಮೇಲೆ ಬುಟ್ಟಿ ಹೊತ್ತು ಬರುತ್ತಿದ್ದ ಆಳನ್ನು ಹಿಂದಕ್ಕೆ ಕಳುಹಿಸಿದನು.