ಮರವಂತೆಯಲ್ಲಿ ಏಳನೇ ಅನುಸೂಚಿ

ಸಂವಿಧಾನದಲ್ಲಿ ನನಗೆ ಹೆಚ್ಚು ರುಚಿ ಹತ್ತಿಸಿದ ಭಾಗ ಏಳನೇ ಅನುಸೂಚಿ. ಪೀಠಿಕೆಯ ಗಾಂಭೀರ್ಯ ಅದಕ್ಕಿಲ್ಲ, ಮೂಲಭೂತ ಹಕ್ಕುಗಳ ಕಾವೂ ಇಲ್ಲ. ಇರುವುದು ಮೂರು ಪಟ್ಟಿ: ಕೇಂದ್ರದ್ದೊಂದು, ರಾಜ್ಯದ್ದೊಂದು, ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿ ಇನ್ನೊಂದು. 1950ರಲ್ಲಿ ಜಾರಿಗೆ ಬಂದಾಗ ಅವುಗಳಲ್ಲಿದ್ದ ನಮೂದುಗಳು ಕ್ರಮವಾಗಿ 97, 66, 47. ಪರೀಕ್ಷೆಗೆ ಓದುವವರು ಈ ಅಂಕೆಗಳನ್ನು ಉರು ಹೊಡೆದು ಮುಂದಿನ ಪುಟಕ್ಕೆ ಹೋಗಿಬಿಡುತ್ತಾರೆ. ನನ್ನ ಹತ್ತಿರ ಬರುವ ಮಕ್ಕಳಿಗೆ ಆ ಅವಸರವಿಲ್ಲ. ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡೆಯ ಕೆಲವು ಮನೆಗಳ ಈ ಮಕ್ಕಳು ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುತ್ತಾರೆ. ಗಣಿತ, ವಿಜ್ಞಾನ ಅಪ್ಪ ಅಮ್ಮಂದಿರ ಪಾಲು. ಸಂವಿಧಾನ ನನ್ನ ಪಾಲಿಗೆ ಬಂತು, ಅದು ನನ್ನ ಭಾಗ್ಯ.

ಈ ಪಾಠಕ್ಕೆ ನಾನು ಆರಿಸಿಕೊಳ್ಳುವ ಜಾಗ ಮರವಂತೆ. ಒಂದು ಮಗ್ಗುಲಲ್ಲಿ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಮಕ್ಕಳ ಕೈಯಲ್ಲಿ ಕನ್ನಡ ಸಂವಿಧಾನದ ಪ್ರತಿ ಇರುತ್ತದೆ. ಕಣ್ಣಿಗೆ ಬಿದ್ದದ್ದು ಯಾವ ಪಟ್ಟಿಯದೆಂದು ಹುಡುಕಬೇಕು, ಆಟದ ನಿಯಮ ಇಷ್ಟೇ. ಹೆದ್ದಾರಿ ಸಿಕ್ಕಿಬಿಡುತ್ತದೆ: ಕೇಂದ್ರ ಪಟ್ಟಿ, 23. ಅದರಿಂದ ಊರೊಳಗೆ ತಿರುಗುವ ಸಣ್ಣ ರಸ್ತೆ ರಾಜ್ಯದ್ದು, 13. ಮೂಡಣ ದಿಕ್ಕಿನಲ್ಲಿ ಕೂಗಿ ಹೋದ ಕೊಂಕಣ ರೈಲು ಕೇಂದ್ರದ 22. ಕೋಡಿಯ ದೀಪಸ್ತಂಭ 26. ಗಂಗೊಳ್ಳಿಯ ಬಂದರು ದೊಡ್ಡ ಬಂದರುಗಳ ಸಾಲಿಗೆ ಸೇರದ್ದರಿಂದ ಸಮವರ್ತಿ ಪಟ್ಟಿಗೆ ಬರುತ್ತದೆ. ರಾತ್ರಿ ನೋಡಿ ಬಂದ ಮಂದಾರ್ತಿ ಮೇಳದ ಯಕ್ಷಗಾನದ ಆಟ ಎಲ್ಲಿದೆ? ರಾಜ್ಯದ 33ರಲ್ಲಿ, ನಾಟಕ ಪ್ರದರ್ಶನಗಳ ಜೊತೆ. ಆಟಕ್ಕೂ ಸಂವಿಧಾನದಲ್ಲಿ ಜಾಗವಿದೆಯೆಂದು ಗೊತ್ತಾದಾಗ ಆ ಮುಖಗಳನ್ನು ನೋಡಬೇಕು!

ನದಿಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇವೆ. ನೀರು ರಾಜ್ಯದ ವಿಷಯ, ಆದರೆ ರಾಜ್ಯಗಳ ಗಡಿ ದಾಟುವ ನದಿಯಾದರೆ ಕೇಂದ್ರಕ್ಕೂ ಮಾತಿದೆ. ಕಾವೇರಿಯ ವ್ಯಾಜ್ಯ ದಿಲ್ಲಿಯವರೆಗೆ ಹೋದದ್ದು ಹಾಗೆ. ಸೌಪರ್ಣಿಕಾ ಕೊಡಚಾದ್ರಿಯಲ್ಲಿ ಹುಟ್ಟಿ, ಕೊಲ್ಲೂರಿನ ಮೇಲೆ ಇಳಿದು, ಕುಂದಾಪುರದ ಬಳಿ ಸಮುದ್ರ ಸೇರುವವರೆಗೂ ಕರ್ನಾಟಕದ ಮಣ್ಣು ಬಿಟ್ಟು ಹೊರಗೆ ಹೋಗುವುದಿಲ್ಲ. ನಕ್ಷೆಯ ಮೇಲೆ ಬೆರಳಿಟ್ಟು ಅದನ್ನು ಮಕ್ಕಳೇ ಕಂಡುಕೊಳ್ಳಬೇಕು. ನಾನು ಬಾಯಿ ಬಿಡುವುದಿಲ್ಲ. ಕಲಿಸುವ ಕೆಲಸದಲ್ಲಿ ನನಗೆ ಅತ್ಯಂತ ಸುಖ ಕೊಡುವುದು ಹೀಗೆ ಸುಮ್ಮನಿರುವ ಹೊತ್ತು.

ಸಮುದ್ರದ ಸರದಿ ಬಂದಾಗ ಸುಮ್ಮನಿರಲಾಗುವುದಿಲ್ಲ. ಮೀನುಗಾರಿಕೆ ರಾಜ್ಯ ಪಟ್ಟಿಯ 21. ದಡದಿಂದ 12 ನಾಟಿಕಲ್ ಮೈಲಿ, ಎಂದರೆ ಸುಮಾರು 22 ಕಿಲೋಮೀಟರ್ ಆಚೆ ಹೋದರೆ ಅದೇ ಮೀನುಗಾರಿಕೆ ಕೇಂದ್ರದ 57. ಒಬ್ಬ ಹುಡುಗ ಕೇಳಿದ: "ಬಂಗ್ಡಿಗ್ ಗೊತ್ತಿತ್ತಾ ಮಾಷ್ಟ್ರೇ, ತಾನ್ ಯಾವ್ ಪಟ್ಟಿಯಲ್ಲಿತ್ತ್ ಅಂದೇಳಿ?" ಎಲ್ಲರೂ ನಕ್ಕರು. ನನಗೆ ಅದು ಇಡೀ ದಿನದ ಅತ್ಯುತ್ತಮ ಪ್ರಶ್ನೆ ಅನಿಸಿತು. ಮೀನಿಗೆ ಗೊತ್ತಿಲ್ಲ ಎಂಬ ಕಾರಣಕ್ಕೇ ಎರಡು ಸರ್ಕಾರಗಳು ಮಾತಾಡಿಕೊಳ್ಳಬೇಕಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ದಡದ ಕಡೆಯ ನೀರಿಗೆ ರಾಜ್ಯ ತನ್ನ 1986ರ ಕಾಯ್ದೆಯಂತೆ ಆದೇಶ ಹೊರಡಿಸುತ್ತದೆ, ಆಚೆಗೆ ಕೇಂದ್ರ. ದಿನಾಂಕ ತಾಳೆಯಾಗದಿದ್ದರೆ ಮರಿ ಮೀನು ಒಂದು ಕಡೆ ಉಳಿದು ಇನ್ನೊಂದು ಕಡೆ ಬಲೆಗೆ ಬಿದ್ದೀತು. ಆ ಹುಡುಗನ ಅಜ್ಜ ಈ ನಿಷೇಧಕ್ಕೆ ಸೇರದ ನಾಡದೋಣಿಯವರು. ಮಳೆಗಾಲದಲ್ಲಿ ತನ್ನ ಅಜ್ಜ ಮಾತ್ರ ಹೇಗೆ ಮೀನಿಗೆ ಹೋಗುತ್ತಾರೆಂದು ಅವನಿಗೆ ಅಂದು ಕಾನೂನಿನ ಬಾಯಲ್ಲಿ ತಿಳಿಯಿತು.

ಮೂರು ಪಟ್ಟಿಗಳ ಈ ಹಂಚಿಕೆ 1935ರ ಭಾರತ ಸರ್ಕಾರದ ಕಾಯ್ದೆಯಿಂದ ಬಂದದ್ದು. ಸಂವಿಧಾನದ ಮೊದಲ ಕರಡನ್ನು 1947ರ ಅಕ್ಟೋಬರ್‌ನಲ್ಲಿ ಸಿದ್ಧಪಡಿಸಿದವರು ಸಂವಿಧಾನ ಸಭೆಯ ಸಲಹೆಗಾರ ಬೆನಗಲ್ ನರಸಿಂಗ ರಾವ್. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಕುಂದಾಪುರವೂ ಆಗ ಅದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರರು ರಾವ್ ಅವರ ಪಾಲನ್ನು ಹೆಸರಿಟ್ಟು ಸ್ಮರಿಸಿದರು. ನಮ್ಮ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕೆಂಬ ಹಟ ನನಗಿದೆ.

17ನೇ ಅನುಚ್ಛೇದಕ್ಕೆ ಆಟವಿಲ್ಲ. ಚಾವಡಿಯಲ್ಲಿ ಕುಳಿತು ಓದುತ್ತೇವೆ. ಅಸ್ಪೃಶ್ಯತೆ ತೊಲಗಿತೆಂದು ಅದು ಸಾರಿದ್ದು 1950ರಲ್ಲಿ. ಕೊರಗ ಸಮುದಾಯದವರ ಮೇಲಿನ ಅಜಲು ಎಂಬ ಪದ್ಧತಿಯನ್ನು ನಿಷೇಧಿಸಿ ಕರ್ನಾಟಕ ಪ್ರತ್ಯೇಕ ಕಾಯ್ದೆ ತಂದದ್ದು 2000ದಲ್ಲಿ. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮುಂಚೆ ಅವರನ್ನು ಕೋಣಗಳಂತೆ ಓಡಿಸುವುದು, ಇವೆಲ್ಲ ಆ ಕಾಯ್ದೆಯಲ್ಲೇ ಬರೆದಿವೆ. ಎರಡು ಇಸವಿಗಳನ್ನು ಹಲಗೆಯ ಮೇಲೆ ಬರೆದು ನಡುವಿನ ಐವತ್ತು ವರ್ಷ ಎಲ್ಲಿ ಹೋದವೆಂದು ಕೇಳುತ್ತೇನೆ. ಮಕ್ಕಳು ಮನೆಗೆ ಹೋಗಿ ಅಜ್ಜ ಅಜ್ಜಿಯರನ್ನು ಕೇಳುತ್ತಾರೆ. ಕೆಲವು ಮನೆಗಳಲ್ಲಿ ಉತ್ತರ ಸಿಗುತ್ತದೆ, ಕೆಲವುಗಳಲ್ಲಿ ಗದರಿಕೆ. ಎರಡನ್ನೂ ಮುಂದಿನ ಪಾಠಕ್ಕೆ ತರಲು ಹೇಳಿದ್ದೇನೆ.

ಇಷ್ಟೆಲ್ಲ ಓದಿದ ಮೇಲೆ ಅವರು ತಮ್ಮನ್ನೇ ಕಟಕಟೆಗೆ ತಂದು ನಿಲ್ಲಿಸಿಕೊಂಡರು: ನಾವು ಶಾಲೆಗೆ ಹೋಗದಿರುವುದು ಸರಿಯೇ? 2002ರ 86ನೇ ತಿದ್ದುಪಡಿ ಸೇರಿಸಿದ 21ಎ, ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ. ಅದೇ ತಿದ್ದುಪಡಿ 51ಎಯಲ್ಲಿ ಕಲಿಕೆಗೆ ಅವಕಾಶ ಒದಗಿಸುವ ಕರ್ತವ್ಯವನ್ನು ತಂದೆ ತಾಯಿಗೆ ವಹಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಸೆಕ್ಷನ್ ಮಗುವನ್ನು ಹತ್ತಿರದ ಶಾಲೆಗೆ ಸೇರಿಸಬೇಕು ಎನ್ನುತ್ತದೆ, ಸೇರಿಸದ ಪೋಷಕರಿಗೆ ಶಿಕ್ಷೆಯನ್ನು ಹೇಳಿಲ್ಲ. ಒಂದು ಗುಂಪು ಸರ್ಕಾರದ ಪರ ವಾದಿಸಿತು, ಇನ್ನೊಂದು ಅಪ್ಪ ಅಮ್ಮನ ಪರ. ವಾದ ಬಿಸಿಯಾಗಿದ್ದಾಗ ಬ್ರಹ್ಮಾವರದ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, ಹಕ್ಕು ಮಗುವಿನದಾದರೆ ಮಗುವನ್ನು ಯಾರು ಕೇಳಿದರು ಎಂದಳು.

ಮಗುವಿನ ಮಾತಿಗೂ ಬೆಲೆಯಿರಬೇಕೆಂದು ಹೇಳುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. ಅದರ 12ನೇ ಅನುಚ್ಛೇದವೇ ಮುಂದಿನ ಪಾಠ. ಅಪ್ಪ ಅಮ್ಮಂದಿರೂ ಬಂದು ಕೂರಬೇಕೆಂದು ಹೇಳಿ ಕಳಿಸಿದ್ದೇನೆ.